ಜೊಂಡಿನ ಮರೆಯ ಕೊರವ

(ಮೇಲೂರಿನ ಯುವಕರ ಮುಂದೆ ಈಚೆಗೆ ಆಡಿದ ಮಾತುಗಳ ಬರಹ ರೂಪ)



ಕೆರೆಗಳ ಇತಿಹಾಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ನಾನೂ ಅದಕ್ಕೆ ತಕ್ಕಂತೆ ಒಂದಿಷ್ಟು ಬರೆದುಕೊಂಡು ಬಂದಿದ್ದೆ. ಆದರೆ ನಿನ್ನೆ ಸಂಜೆ ಕೆರೆ ಏರಿಯ ಮೇಲೆ ನಡೆದು ಹೋಗುವಾಗ ನಿಮ್ಮೂರಿನ ಇಬ್ಬರು ಹುಡುಗರು ಸಿಕ್ಕರು. ಕೈಯಲ್ಲಿ ಹೊಳೆಯುವ ಹೊಸ ಗಾಳದ ಕೋಲು, ದಾರದ ತುದಿಯಲ್ಲಿ ರಬ್ಬರಿನ ಕಪ್ಪೆ. ಜೊಂಡಿನೊಳಗೆ ಎಸೆಯುತ್ತಿದ್ದರು, ಎಸೆದಾಗಲೆಲ್ಲ ಗಾಳ ಗಿಡಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೂರನೆಯ ಸಲ ದಾರವೇ ಕಿತ್ತು ಬಂತು. ಅವರಲ್ಲೊಬ್ಬ ನನ್ನ ಕಡೆ ತಿರುಗಿ, 'ಸಾರ್, ಮೀನು ಒಳಗೈತೆ, ಸದ್ದು ಕೇಳುಸ್ತೈತೆ. ಈ ಕಳೆ ಒಂದು ಇಲ್ದಿದ್ರೆ ಹಿಡೀಬೋದಿತ್ತು' ಎಂದ.

ನಾನು ನಕ್ಕು ಮುಂದೆ ಹೋದೆ. ಆದರೆ ಆ ಮಾತು ರಾತ್ರಿಯೆಲ್ಲ ಮನಸ್ಸಿನಲ್ಲಿ ಕೊರೆಯಿತು. ಈ ಕಳೆ ಒಂದು ಇಲ್ಲದಿದ್ದರೆ ಅಲ್ಲಿ ಆ ಮೀನು ಇರುತ್ತಿತ್ತೇ? ಇವತ್ತು ಆ ಹುಡುಗನಿಗೆ ಉತ್ತರ ಹೇಳುವುದೇ ನನ್ನ ಭಾಷಣ. ಕೆರೆಯ ಇತಿಹಾಸ ಅದರೊಳಗೇ ಬಂದುಬಿಡುತ್ತದೆ.

ಅವರು ಹಿಡಿಯಲು ಹೊರಟಿದ್ದು ಕೊರವ ಮೀನನ್ನು. ಗಡಿಯಾಚೆಯ ತೆಲುಗಿನವರು ಕೊರಮೀನು ಎನ್ನುತ್ತಾರೆ. ನಮ್ಮ ನಾಡಿನ ಬೇರೆ ಕಡೆಗಳಲ್ಲಿ ಕುಚ್ಚು ಎಂದೂ ಮುರ್ಲು ಎಂದೂ ಕರೆಯುವುದುಂಟು. ತೆಲಂಗಾಣದವರು ಇದನ್ನು ತಮ್ಮ ರಾಜ್ಯದ ಮೀನೆಂದೇ ಘೋಷಿಸಿಕೊಂಡಿದ್ದಾರೆ. ಹೈದರಾಬಾದಿನಲ್ಲಿ ಮೃಗಶಿರಾ ಕಾರ್ತಿಯ ದಿನ ಉಬ್ಬಸಕ್ಕೆಂದು ಜನ ಸಾಲುಗಟ್ಟಿ ನುಂಗುವುದೂ ಇದರ ಜೀವಂತ ಮರಿಯನ್ನೇ. ಆ ಔಷಧಿಯ ಗುಣದ ಬಗ್ಗೆ ವೈದ್ಯರ ತಕರಾರು ಇದೆ, ಅದು ಬೇರೆ ವಿಷಯ.

ಹಾವಿನಂಥ ತಲೆ, ಉರುಟಾದ ಉದ್ದನೆಯ ಮೈ, ಬೆನ್ನಿನುದ್ದಕ್ಕೂ ಓಡುವ ಒಂದೇ ರೆಕ್ಕೆ, ಬಾಯಿ ತುಂಬ ಹಲ್ಲು. ಇಂಗ್ಲಿಷಿನವರು ಇದಕ್ಕೆ 'ಹಾವುತಲೆ'ಯ ಮೀನೆಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಸಿಗುವುದು ವಿಜ್ಞಾನಿಗಳು ಚನ್ನಾ ಸ್ಟ್ರಯೇಟಾ ಎಂದು ಕರೆಯುವ ಜಾತಿ. ಹೊಳೆಗಳಲ್ಲಿ, ದೊಡ್ಡ ಜಲಾಶಯಗಳಲ್ಲಿ ಇದರ ಅಣ್ಣನಂಥ ಇನ್ನೊಂದು ಜಾತಿ ಇದೆ, ಚನ್ನಾ ಮರೂಲಿಯಸ್. ಅದರ ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ಬೊಟ್ಟು ಇರುತ್ತದೆ, ಒಂದು ಮೀಟರಿನಷ್ಟು ಉದ್ದಕ್ಕೂ ಬೆಳೆಯುತ್ತದೆ.

ಈ ಮೀನಿನ ವಿಶೇಷ ಅದರ ಉಸಿರಿನಲ್ಲಿದೆ. ಉಳಿದ ಮೀನುಗಳು ಕಿವಿರುಗಳಿಂದ ನೀರಿನೊಳಗಿನ ಆಮ್ಲಜನಕವನ್ನು ಹೀರಿ ಬದುಕುತ್ತವೆ. ಕೊರವಕ್ಕೆ ಅದು ಸಾಲದು. ಅದರ ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ, ಗಾಳಿಯನ್ನೇ ಉಸಿರಾಡುವ ಒಂದು ಪುಟ್ಟ ಕೋಣೆ ಇದೆ. ಆಗಾಗ ಮೇಲೆ ಬಂದು ಒಂದು ಬಾಯಿ ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತದೆ. ಮೇಲೆ ಬರಲಾಗದಂತೆ ಬಲೆಯೊಳಗೆ ಸಿಕ್ಕಿಸಿ ನೀರಿನಡಿಯಲ್ಲೇ ಇಟ್ಟರೆ ಈ ಮೀನು ನೀರಿನಲ್ಲಿ ಮುಳುಗಿಯೇ ಸಾಯುತ್ತದೆ! ಆದರೆ ಅದೇ ಕಾರಣಕ್ಕೆ ಬೇರೆ ಮೀನು ಬದುಕದ ಕಡೆ ಇದು ಬದುಕುತ್ತದೆ. ಕೆಸರು ನೀರು, ಮೊಣಕಾಲುದ್ದದ ಬಿಸಿ ನೀರು, ಎಲೆ ಕೊಳೆತ ನೀರು ಯಾವುದೂ ಇದಕ್ಕೆ ಲೆಕ್ಕವಿಲ್ಲ. ಕೆರೆ ಬತ್ತುವಾಗ ಹಸಿ ಕೆಸರಿನೊಳಗೆ ಸೇರಿಕೊಂಡು ಕೆಲಕಾಲ ಜೀವ ಹಿಡಿಯುತ್ತದೆ. ಮಳೆಯ ರಾತ್ರಿಗಳಲ್ಲಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವುದೂ ಉಂಟು.

ನಿತ್ಯ ಹರಿಯುವ ಹೊಳೆಯಿಲ್ಲದ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ಮೀನು ಇನ್ನೊಂದಿಲ್ಲ. ನಂದಿ ಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಅರ್ಕಾವತಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೀರಿ. ಎಲ್ಲವೂ ಇಲ್ಲಿ ಹುಟ್ಟಿ ಬೇರೆಯವರ ಊರಿಗೆ ಹೋಗಿ ಹೊಳೆಯಾಗುತ್ತವೆ. ನಮಗೆ ಉಳಿದದ್ದು ಹಿರಿಯರು ಕಟ್ಟಿದ ಸಾವಿರಾರು ಕೆರೆಗಳು. ಒಂದರ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು. ಆ ಕೋಡಿಯ ನೀರಿನ ಜೊತೆಯಲ್ಲಿ, ಯಾರೂ ಬಿತ್ತದೆ, ಊರಿಂದ ಊರಿಗೆ ಹೋಗುತ್ತಿದ್ದ ಮೀನು ಇದು.

ಇನ್ನು ಜೊಂಡಿನ ಮಾತು. ಕೆರೆಯ ಏರಿಯ ಬುಡದಲ್ಲಿ, ತೂಬಿನ ಹತ್ತಿರ ನೀರು ಆಳ. ಅಂಗಳದ ಕಡೆ ಹೋದಂತೆ ನೀರು ತೆಳ್ಳಗಾಗುತ್ತ ಮೊಣಕಾಲಿಗೆ, ಪಾದಕ್ಕೆ ಬರುತ್ತದೆ. ಆ ತೆಳುನೀರಿನಲ್ಲಿ ಬಿಸಿಲು ನೆಲ ಮುಟ್ಟುವುದರಿಂದ ಅಲ್ಲಿಯೇ ಜೊಂಡು, ನೈದಿಲೆ, ಹೊನಗೊನ್ನೆ, ಪಾಚಿ ಎಲ್ಲ ಹಬ್ಬುವುದು. ಅಲ್ಲಿಯೇ ಕಪ್ಪೆ, ಗೊದ್ದ ಮೊಟ್ಟೆ, ಸಣ್ಣ ಮೀನು, ನೀರು ಹುಳುಗಳ ಸಂತೆ. ಕೊರವ ಬೆನ್ನಟ್ಟಿ ಹಿಡಿಯುವ ಬೇಟೆಗಾರನಲ್ಲ, ಹೊಂಚಿ ಹಿಡಿಯುವ ಬೇಟೆಗಾರ. ಅದರ ಮೈಮೇಲಿನ ಕಪ್ಪು ಪಟ್ಟೆಗಳು ಜೊಂಡಿನ ನೆರಳಿನಲ್ಲಿ ಕರಗಿಹೋಗುತ್ತವೆ. ಅಲುಗಾಡದೆ ನಿಲ್ಲುತ್ತದೆ. ಕಪ್ಪೆಯೊಂದು ಎಲೆಯಿಂದ ಎಲೆಗೆ ಹಾರಿ ನಡುವಿನ ನೀರಿಗೆ ಬಿತ್ತೋ, 'ಗಬಕ್' ಎಂದು ಒಂದು ಸದ್ದು, ನೀರು ಅಲುಗಿ ಸುಮ್ಮನಾಗುತ್ತದೆ. ನಿಮ್ಮ ಹುಡುಗರಿಗೆ ಕೇಳಿಸಿದ ಸದ್ದು ಅದೇ.

ನಮ್ಮ ಸೋದರಮಾವ ಒಬ್ಬರಿದ್ದರು. ಹಿಪ್ಪುನೇರಳೆ ತೋಟ, ಹುಳು ಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇಷ್ಟೇ ಅವರ ಪ್ರಪಂಚ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ಎರಡು ಮೂರು ದಿನ ಬಿಡುವು ಸಿಗುತ್ತಿತ್ತಲ್ಲ, ಆಗ ಗಾಳ ಹಿಡಿದು ಹೊರಡುತ್ತಿದ್ದರು. 1970ರ ದಶಕದ ಮಾತು ಇದು. ನಾನು ಅವರ ಹಿಂದೆ ಕಪ್ಪೆಯ ಮಡಕೆ ಹೊತ್ತುಕೊಂಡು ಹೋಗುತ್ತಿದ್ದ ಹುಡುಗ.

ಅವರ ಗಾಳ ನೋಡಿದರೆ ಇವತ್ತಿನ ಹುಡುಗರು ನಗಬಹುದು. ಎರಡಾಳುದ್ದದ ಗಟ್ಟಿ ಬಿದಿರು ಗಳ. ಅದಕ್ಕೆ ಮಾರುದ್ದಕ್ಕಿಂತ ಕಡಿಮೆಯ ದಪ್ಪ ದಾರ. ತುದಿಯಲ್ಲಿ ಒಂದೇ ದೊಡ್ಡ ಕೊಕ್ಕೆ. ಕಪ್ಪೆಯ ಬೆನ್ನಿನ ಚರ್ಮಕ್ಕೆ ಕೊಕ್ಕೆಯನ್ನು ಚುಚ್ಚುತ್ತಿದ್ದರು, ಮೊನೆ ಮೇಲ್ಮುಖವಾಗಿ ಇರುವಂತೆ. ಯಾಕೆ ಮಾವ ಎಂದರೆ, 'ಮೊನೆ ಕೆಳಗಿದ್ರೆ ಹುಲ್ಲು ಹಿಡಿತದೆ, ಮೇಲಿದ್ರೆ ಮೀನು ಹಿಡಿತದೆ' ಎನ್ನುತ್ತಿದ್ದರು. ದೂರಕ್ಕೆ ಎಸೆಯುವ ಮಾತೇ ಇಲ್ಲ. ಜೊಂಡಿನ ನಡುವೆ ತಟ್ಟೆಯಗಲದ ಬಯಲು ನೀರು ಎಲ್ಲಿದೆಯೋ ಅಲ್ಲಿಗೆ ಗಳವನ್ನು ಚಾಚಿ, ಮೇಲಿನಿಂದ ಕಪ್ಪೆಯನ್ನು ನೀರಿಗೆ ಮುಟ್ಟಿಸಿ ಎತ್ತುವುದು, ಮುಟ್ಟಿಸಿ ಎತ್ತುವುದು. ಅಂಥ ಕಿಂಡಿಗಳನ್ನು ಅವರು 'ಕಣ್ಣು' ಎನ್ನುತ್ತಿದ್ದರು. 'ಕೊರವ ಗಾಳಿ ಕುಡಿಯೋಕೆ ಬರೋದು ಕಣ್ಣಿಗೇ. ಹುಲ್ಲಿಗೆ ಹಾಕ್ಬೇಡ, ಕಣ್ಣಿಗೆ ಹಾಕು.' ಜೊಂಡಿನಲ್ಲಿ ಮೀನು ಹಿಡಿಯುವ ವಿದ್ಯೆಯ ಅರ್ಧ ಈ ಮಾತಿನಲ್ಲಿದೆ.

ಉಳಿದ ಅರ್ಧ ತಾಳ್ಮೆ. ಮೀನು ಕಪ್ಪೆಯನ್ನು ಹೊಡೆದ ಕೂಡಲೇ ಎಳೆದರೆ ಬರುವುದು ಅರ್ಧ ಕಪ್ಪೆ ಮಾತ್ರ. ಕೊರವ ಮೊದಲು ಅಡ್ಡಡ್ಡ ಕಚ್ಚಿ ಹಿಡಿಯುತ್ತದೆ, ಆಮೇಲೆ ತಿರುಗಿಸಿಕೊಂಡು ನುಂಗುತ್ತದೆ. ಮಾವ ಮನಸ್ಸಿನಲ್ಲೇ 'ಗಂಗಮ್ಮ, ಗಂಗಮ್ಮ, ಗಂಗಮ್ಮ' ಎಂದು ಮೂರು ಸಲ ಹೇಳಿಕೊಂಡು ಆಮೇಲೆ ಎತ್ತುತ್ತಿದ್ದರು. ಅದೂ ಪಕ್ಕಕ್ಕೆ ಅಲ್ಲ, ನೇರ ಮೇಲಕ್ಕೆ. ಪಕ್ಕಕ್ಕೆ ಎಳೆದರೆ ಮೀನು ಜೊಂಡಿನ ಬುಡಕ್ಕೆ ದಾರ ಸುತ್ತಿ ಕೂತುಬಿಡುತ್ತದೆ. ತಲೆ ಒಮ್ಮೆ ನೀರಿನಿಂದ ಮೇಲೆದ್ದರೆ ಅರ್ಧ ಗೆದ್ದಂತೆ.

ರೇಷ್ಮೆ ಬಿಚ್ಚುವ ಮನೆಗಳಿಂದ ಸತ್ತ ಹುಳು ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಗೆಂಡೆ ಮೀನಿಗೆ ಅದು ಹಬ್ಬದೂಟ. ಆದರೆ ಕೊರವಕ್ಕೆ ಹಾಕಿ ನೋಡಿ, ಮೂಸಿಯೂ ನೋಡದು. ಅದಕ್ಕೆ ಬೇಕಾದ್ದು ಅಲುಗುವ ಜೀವ. ಹಾಗಾಗಿಯೇ ರಬ್ಬರಿನ ಕಪ್ಪೆಯೂ ಕುಣಿಸಿದರೆ ಅದನ್ನು ಮೋಸ ಮಾಡುತ್ತದೆ. ಈ ರಬ್ಬರಿನ ಕಪ್ಪೆಗೆ ನನ್ನ ತಕರಾರೇನೂ ಇಲ್ಲ. ನಿಜವಾದ ಕಪ್ಪೆಯ ಪ್ರಾಣ ಉಳಿಯುತ್ತದೆ. ಅದರ ಎರಡು ಕೊಕ್ಕೆಗಳು ಮೈಗೆ ಅಂಟಿಕೊಂಡು ಮೇಲ್ಮುಖವಾಗಿ ಇರುತ್ತವೆ, ಮೀನು ಕಚ್ಚಿ ಅದುಮಿದಾಗ ಮಾತ್ರ ಹೊರಬರುತ್ತವೆ. ಮಾವ ಹೇಳಿದ ಸೂತ್ರವೇ ಅದು. ಹುಡುಗರು ಮಾಡಿದ ತಪ್ಪು ಎರಡೇ: ದಾರ ತೆಳ್ಳಗಿತ್ತು, ಮತ್ತು ಕಣ್ಣು ಹುಡುಕದೆ ಕಂಡಲ್ಲಿ ಎಸೆದರು.

ಗಾಳದ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ರಾಜನಾದವನು ತಿಳಿದಿರಬೇಕಾದ ಆನೆ, ಅಡುಗೆ, ಸಂಗೀತ, ಚಿತ್ರ ಎಲ್ಲವೂ ಅದರಲ್ಲಿದೆ. ಅವುಗಳ ಜೊತೆಗೆ 'ಮತ್ಸ್ಯವಿನೋದ' ಎಂಬ ಭಾಗವೂ ಇದೆ. ಯಾವ ಮೀನು ಎಂಥದ್ದು, ಯಾವುದಕ್ಕೆ ಯಾವ ಎರೆ, ಕೋಲು ದಾರ ಕೊಕ್ಕೆಗಳು ಹೇಗಿರಬೇಕು ಎಂಬುದನ್ನು ದೊರೆ ಕೂತು ಬರೆದಿದ್ದಾನೆ. ಮೀನು ಹಿಡಿಯುವುದಕ್ಕೆ ಮುಂಚೆ ಮೀನನ್ನು ತಿಳಿಯಬೇಕು ಎಂಬುದು ಅಲ್ಲಿಯ ಪಾಠ. ಅದಾದ ಏಳೂವರೆ ಶತಮಾನಗಳ ಮೇಲೆ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನೂ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಮೇಲೆಯೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದನ್ನೂ ಬರೆದ. ದೊರೆ ಬರೆದ, ಕಲೆಕ್ಟರ್ ಬರೆದ. ನಮ್ಮ ಮಾವನಂಥವರು ಬರೆಯಲಿಲ್ಲ. ಅವರು ತಿಳಿದದ್ದು ಅವರ ಜೊತೆಗೇ ಹೋಗುತ್ತಿದೆ.

ಸ್ವಲ್ಪ ದೂರದ ಊರಿಗೂ ಹೋಗಿ ಬರೋಣ. ಉತ್ತರ ಅಮೆರಿಕದ ಕೆರೆ ಹೊಳೆಗಳಲ್ಲಿ ಮಸ್ಕಿ ಎಂಬ ಮೀನಿದೆ. ಅಶೋಕನ ಶಾಸನ ಸಿಕ್ಕ ನಮ್ಮ ರಾಯಚೂರಿನ ಮಸ್ಕಿಗೂ ಅದಕ್ಕೂ ಸಂಬಂಧವಿಲ್ಲ, ಮಸ್ಕಲಂಜ್ ಎಂಬ ಉದ್ದ ಹೆಸರಿನ ಮೊಟಕು ರೂಪ. ವಿಸ್ಕಾನ್ಸಿನ್ ರಾಜ್ಯ 1955ರಲ್ಲಿ ಅದನ್ನು ತನ್ನ ರಾಜ್ಯದ ಮೀನಾಗಿ ಆರಿಸಿಕೊಂಡಿತು. ಅದೂ ನಮ್ಮ ಕೊರವದಂತೆ ಉದ್ದ ಮೈಯ, ಪಟ್ಟೆಪಟ್ಟೆಯ, ಹಲ್ಲಿನ ಮೀನು. ಅದೂ ತೆಳುನೀರಿನ ದಟ್ಟ ಗಿಡಗಳ ನಡುವೆ ಹೊಂಚು ಹಾಕುತ್ತದೆ. ಗಾತ್ರದಲ್ಲಿ ಮಾತ್ರ ಕೊರವಕ್ಕಿಂತ ಬಹಳ ದೊಡ್ಡದು. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತದೆ ಎಂಬುದು ಅಲ್ಲಿಯವರ ಗಾದೆ. ಅದನ್ನು ಹಿಡಿಯುವವರೂ ಗಿಡಕ್ಕೆ ಸಿಕ್ಕದ ಗಾಳ, ಗಟ್ಟಿ ದಾರ, ಗಿಡಗಳ ನಡುವಿನ ಕಿಂಡಿ ಇವುಗಳದೇ ಜಪ ಮಾಡುತ್ತಾರೆ.

ನಾನು ಆ ಕಥೆ ಹೇಳುವುದು ಹಿಡಿಯುವ ಉಪಾಯಕ್ಕಾಗಿ ಅಲ್ಲ. ಅಲ್ಲಿ ಕೆರೆಯ ಅಂಚಿನಲ್ಲಿ ಮನೆ, ದೋಣಿಕಟ್ಟೆಗಳನ್ನು ಕಟ್ಟುತ್ತ, ಅಂಚಿನ ಗಿಡಗಳನ್ನು ಕೀಳುತ್ತ ಹೋದಂತೆ ಮಸ್ಕಿ ಮೊಟ್ಟೆಯಿಡುವ ಜಾಗಗಳು ಹಾಳಾದವು. ಆಮೇಲೆ ಅಲ್ಲಿಯವರು ಎಚ್ಚೆತ್ತರು. ಮೊಟ್ಟೆಯಿಡುವ ವಸಂತ ಕಾಲದಲ್ಲಿ ಹಿಡಿಯಬಾರದು, ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಾರದು ಎಂದು ಕಟ್ಟಲೆ ಮಾಡಿದರು. ವಿಸ್ಕಾನ್ಸಿನ್ನಿನ ಬಹಳಷ್ಟು ಕೆರೆಗಳಲ್ಲಿ ಆ ಅಳತೆ 40 ಅಂಗುಲ. ಇಂದು ಅದನ್ನು ಹಿಡಿಯುವ ಹೆಚ್ಚಿನವರು ಹಿಡಿದು, ನೋಡಿ, ಮತ್ತೆ ನೀರಿಗೆ ಬಿಡುತ್ತಾರೆ.

ಇದೇ ಅಮೆರಿಕಕ್ಕೆ ನಮ್ಮ ಕೊರವದ ಅಣ್ಣನೂ ಹೋಗಿ ಸೇರಿದ್ದಾನೆ. 2000ದಲ್ಲಿ ಫ್ಲಾರಿಡಾದ ಕಾಲುವೆ ಕೆರೆಗಳಲ್ಲಿ ಚನ್ನಾ ಮರೂಲಿಯಸ್ ಕಾಣಿಸಿಕೊಂಡಿತು. 2002ರಲ್ಲಿ ಮೇರಿಲ್ಯಾಂಡ್ ರಾಜ್ಯದ ಒಂದು ಕೊಳದಲ್ಲಿ ಚೀನಾ ಕಡೆಯ ಕೊರವ ಜಾತಿಯೊಂದು ಕಂಡಾಗ ಇಡೀ ಕೊಳಕ್ಕೇ ವಿಷ ಹಾಕಿ ಕೊಂದರು. ಅಲ್ಲಿ ಅದು ಹೊರಗಿನಿಂದ ಬಂದು ಅಲ್ಲಿಯ ಮೀನುಗಳನ್ನು ತಿನ್ನುವ ದರೋಡೆಕಾರ. ಇಲ್ಲಿ ಅದು ನಮ್ಮ ಮನೆಯ ಮಗ. ಮೀನು ಅದೇ ಕುಲದ್ದು; ಯಾವ ನೀರಿನಲ್ಲಿದೆ ಎಂಬುದರ ಮೇಲೆ ಅದು ಶತ್ರುವೋ ಸಂಪತ್ತೋ ಎಂದು ತೀರ್ಮಾನವಾಗುತ್ತದೆ. ಹಾಗೆಯೇ ಕಳೆಯೂ ಕೂಡ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಮಸ್ಕಿ ಗಿಡಗಳ ನಡುವೆ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತದೆ. ಕೊರವ ಹಾಗಲ್ಲ. ಮಳೆ ಬಿದ್ದು ಅಂಗಳದಲ್ಲಿ ನೀರು ಏರಿದಾಗ, ಗಂಡು ಹೆಣ್ಣು ಸೇರಿ ತೆಳುನೀರಿನಲ್ಲಿ ಗಿಡಗಳನ್ನು ಸರಿಸಿ ತಟ್ಟೆಯಷ್ಟು ಜಾಗ ಮಾಡಿಕೊಳ್ಳುತ್ತವೆ. ಎಣ್ಣೆಯ ಅಂಶವಿರುವ ಹೊಂಬಣ್ಣದ ಮೊಟ್ಟೆಗಳು ಅಲ್ಲಿ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿಯಾಗುತ್ತವೆ. ಮರಿಗಳು ಕಿತ್ತಳೆ ಕೆಂಪು. ನೂರಾರು, ಕೆಲವೊಮ್ಮೆ ಸಾವಿರಾರು ಮರಿಗಳು ಒಂದೇ ಉಂಡೆಯಾಗಿ ಈಜುತ್ತವೆ. ಗಾಳಿಗಾಗಿ ಮೇಲೆ ಬಂದಾಗ ನೀರಿನ ಮೇಲೆ ಅಂಗೈಯಗಲ ಮಳೆ ಹನಿಸಿದಂತೆ ಕಾಣುತ್ತದೆ. ಕೆಳಗೆ ತಂದೆಯೋ ತಾಯಿಯೋ ಇಬ್ಬರೂ ಒಟ್ಟಿಗೋ ಕಾವಲು ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಅದು ಹಸಿವಿಗಾಗಿ ಕಚ್ಚುವುದಿಲ್ಲ. ಮರಿಗಳ ಹತ್ತಿರ ಏನು ಬಂದರೂ ಹೊಡೆಯುತ್ತದೆ. ಕಪ್ಪೆ ಹಾಕಿ, ರಬ್ಬರು ಹಾಕಿ, ಬಟ್ಟೆಯ ಚೂರು ಕಟ್ಟಿ ಹಾಕಿ, ಹೊಡೆಯುತ್ತದೆ.

ನನಗೆ ಆಗ ಹನ್ನೆರಡೋ ಹದಿಮೂರೋ ವರ್ಷ. ಮಾವ ಇಲ್ಲದ ದಿನ ಅವರ ಗಳ ಹಿಡಿದು ಒಬ್ಬನೇ ಹೋದೆ. ಜೊಂಡಿನ ಕಣ್ಣಿನಲ್ಲಿ ಕೆಂಪಗೆ ಏನೋ ಕುದಿಯುತ್ತಿತ್ತು. ಕಪ್ಪೆ ಮುಟ್ಟಿಸಿದೆ. ಒಂದೇ ಏಟಿಗೆ ಬಂತು, ನನ್ನ ಮೊಳಕೈಯುದ್ದದ ಮೀನು. ಅದನ್ನು ಕಿವಿರಿಗೆ ದಾರ ಪೋಣಿಸಿ ಊರೆಲ್ಲ ಕಾಣುವಂತೆ ಹೊತ್ತು ತಂದೆ. ಮಾವ ಹೊಗಳುತ್ತಾರೆ ಎಂದುಕೊಂಡರೆ, ಅವರು ಮೀನಿನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು.

'ಎಲ್ಲಿ ಹಿಡ್ದೆ? ಕೆಂಪು ಮರಿ ಇತ್ತಾ?'

'ಇತ್ತು ಮಾವ.'

'ಮಕ್ಕಳ ಕಾಯ್ತಿದ್ದುದನ್ನ ಹೊಡ್ಕಂಡು ಬಂದಿದ್ದೀಯಲ್ಲೋ. ನಾಳೆ ಹೋಗಿ ನೋಡ್ಕಂಡು ಬಾ, ಆಮೇಲೆ ಉಣ್ಣು.'

ಮಾರನೆಯ ಬೆಳಿಗ್ಗೆ ಹೋದೆ. ಅದೇ ಕಣ್ಣು, ಅದೇ ಜೊಂಡು. ಕೆಂಪು ಉಂಡೆ ಚದುರಿತ್ತು. ಅಲ್ಲೊಂದು ಇಲ್ಲೊಂದು ಮರಿ ಗಾಳಿಗಾಗಿ ಮೇಲೆ ಬರುತ್ತಿತ್ತು. ಸುತ್ತ ಸಣ್ಣ ಮೀನುಗಳು ಸೇರಿದ್ದವು, ಬೆಳ್ಳಕ್ಕಿಯೊಂದು ದಡದಲ್ಲಿ ಕೂತಿತ್ತು. ಸಂಜೆಗೆ ಏನೂ ಇರಲಿಲ್ಲ. ಮನೆಯಲ್ಲಿ ಸಾರಿನ ಘಮ ಇತ್ತು, ನನಗೆ ಊಟ ಸೇರಲಿಲ್ಲ. ಒಂದು ಮೀನಲ್ಲ, ಒಂದು ಕೆರೆಯ ಮುಂದಿನ ಎರಡು ವರ್ಷದ ಮೀನನ್ನು ನಾನು ದಾರಕ್ಕೆ ಪೋಣಿಸಿಕೊಂಡು ಬಂದಿದ್ದೆ.

ಆ ಕಟ್ಟಲೆ ಯಾವ ಕಾನೂನಿನಲ್ಲೂ ಬರೆದದ್ದಲ್ಲ. ಆದರೆ ಮಾವನ ಓರಗೆಯವರೆಲ್ಲ ಅದನ್ನು ಪಾಲಿಸುತ್ತಿದ್ದರು. ಕೆಂಪು ಮರಿ ಕಂಡ ಕಣ್ಣಿಗೆ ಗಾಳ ಇಲ್ಲ. ಇವತ್ತಿನ ಮಾತು ತಿರುಗಿದೆ. ಕೆಂಪು ಮರಿ ಕಂಡರೆ ಮೀನು ಸಿಕ್ಕಿತೆಂದೇ ಲೆಕ್ಕ, ಅಲ್ಲಿಗೇ ಎಸೆಯಿರಿ ಎಂದು ಹೇಳಿಕೊಡುವವರೂ ಇದ್ದಾರೆ. ಅದು ಸುಳ್ಳಲ್ಲ, ಖಂಡಿತ ಸಿಗುತ್ತದೆ. ತೊಟ್ಟಿಲ ಪಕ್ಕ ಕೂತ ತಾಯಿಯನ್ನು ಹಿಡಿಯುವುದರಲ್ಲಿ ಏನು ವಿದ್ಯೆಯಿದೆ?

ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ. ಕೊಳವೆ ಬಾವಿಗಳು ಬಂದವು, ಸಾವಿರ ಅಡಿ ದಾಟಿ ಇಳಿದವು. ಕೆರೆಯ ಮೇಲಿನ ಆಸೆ ಬಿಟ್ಟೆವು. ರಾಜಕಾಲುವೆ ಮುಚ್ಚಿತು, ಅಂಗಳದಲ್ಲಿ ಜಾಲಿ ಬೆಳೆಯಿತು. ವರ್ಷಗಟ್ಟಲೆ ಕೆರೆಗಳು ಕ್ರಿಕೆಟ್ ಆಡುವ ಬಯಲಾದವು. ಕೆಸರಿನಲ್ಲಿ ಕೆಲಕಾಲ ಜೀವ ಹಿಡಿಯುವ ಮೀನು ವರ್ಷಗಟ್ಟಲೆ ಹಿಡಿಯಬಲ್ಲದೇ? ಅದರ ಜೊತೆಗೆ ರೋಗವೂ ಬಂತು. ಮೈಮೇಲೆ ಕೆಂಪು ಹುಣ್ಣಾಗಿ ಕೊಳೆಯುವ ಆ ಜಾಡ್ಯ 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಬೂಷ್ಟಿನಂಥ ಒಂದು ಜೀವಿ ಅದಕ್ಕೆ ಕಾರಣ. ಎಲ್ಲ ಮೀನುಗಳಿಗಿಂತ ಹೆಚ್ಚು ಪೆಟ್ಟು ತಿಂದವುಗಳಲ್ಲಿ ಕೊರವ ಒಂದು. ನೀರು ನಿಂತ ಕೆರೆಗಳಲ್ಲಿ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಗುತ್ತಿಗೆ ಕೊಡುವ ಪದ್ಧತಿ ಬೆಳೆಯಿತು. ಅದರಿಂದ ಜನಕ್ಕೆ ಆಹಾರ, ಕೆಲಸ ಸಿಕ್ಕಿತು, ಸರಿಯೇ. ಆದರೆ ಗುತ್ತಿಗೆದಾರನ ಲೆಕ್ಕದಲ್ಲಿ ಕೊರವ ಅವನ ಮರಿಗಳನ್ನು ತಿನ್ನುವ ಕಳ್ಳ, ಜೊಂಡು ಅವನ ಬಲೆ ಹರಿಯುವ ಕಸ.

ಈಗ ನೀರು ಮತ್ತೆ ಬಂದಿದೆ. 2018ರಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಆರಂಭವಾಯಿತು. ನಂತರ ನಮ್ಮ ಜಿಲ್ಲೆಯ ಕಡೆಗೆ ಎಚ್.ಎನ್. ವ್ಯಾಲಿ ಯೋಜನೆ ಬಂತು, ದಿನಕ್ಕೆ 21 ಕೋಟಿ ಲೀಟರ್ ನೀರನ್ನು 65 ಕೆರೆಗಳಿಗೆ ಕೊಡುವ ಉದ್ದೇಶದ್ದು. 2021ರ ಹಿಂಗಾರು ನಾವು ಮರೆತೇಹೋಗಿದ್ದ ಕೋಡಿಗಳನ್ನು ಹರಿಸಿತು. ಎಷ್ಟೋ ಊರುಗಳಲ್ಲಿ ಮಕ್ಕಳು ಮೊದಲ ಸಲ ತಮ್ಮ ಕೆರೆ ತುಂಬಿದ್ದನ್ನು ನೋಡಿದರು. ಜನ ಬಾಗಿನ ಕೊಟ್ಟರು, ಕಣ್ಣೀರು ಹಾಕಿದವರನ್ನೂ ಕಂಡಿದ್ದೇನೆ.

ಆದರೆ ಶುದ್ಧೀಕರಿಸಿದ ಈ ನೀರು ಎರಡು ಹಂತದಲ್ಲಿ ತಿಳಿಯಾದ ನೀರು. ಮೂರನೆಯ ಹಂತವೂ ಆಗಬೇಕು ಎಂದು ಈ ಜಿಲ್ಲೆಗಳ ಜನ ಹೋರಾಡಿದ್ದಾರೆ, ಅದಕ್ಕೆ ಕಾರಣವಿದೆ. ಎರಡು ಹಂತದಲ್ಲಿ ಕೊಳೆ ಬಹಳಷ್ಟು ಹೋಗುತ್ತದೆ, ಸಾರಜನಕ ಮತ್ತು ರಂಜಕ ಪೂರ್ತಿ ಹೋಗುವುದಿಲ್ಲ. ಅವೆರಡೂ ಗಿಡಕ್ಕೆ ಗೊಬ್ಬರ. ಗೊಬ್ಬರ ನೀರು ನಿಂತ ಕಡೆ ದಕ್ಷಿಣ ಅಮೆರಿಕದಿಂದ ಬಂದ, ನೀಲಿ ಹೂವಿನ ತೇಲುವ ಕಳೆ ಚಾಪೆ ಹಾಸಿದಂತೆ ಹರಡುತ್ತದೆ. ನಮ್ಮ ಕಡೆ ಅಂತರಗಂಗೆ ಎಂದು ಅದನ್ನೂ ಕರೆದುಬಿಡುತ್ತೇವೆ.

ಈಗ ನಾನು ಮುಂದಕ್ಕೆ ಹಾಕಿದ್ದ ಮಾತು. ಕಳೆ ಎಂದರೆ ಎಲ್ಲವೂ ಒಂದೇ ಅಲ್ಲ. ತೇಲುವ ಚಾಪೆ ಬೇರೆ, ಬೇರೂರಿದ ಅಂಚು ಬೇರೆ. ತೇಲುವ ಚಾಪೆ ಕೆರೆಯ ನಡುವನ್ನೆಲ್ಲ ಮುಚ್ಚಿ ಬಿಸಿಲನ್ನು ತಡೆಯುತ್ತದೆ, ಅಡಿಯ ನೀರಿನಲ್ಲಿ ಉಸಿರಿಲ್ಲದಂತೆ ಮಾಡುತ್ತದೆ. ಗೆಂಡೆ ಮೀನುಗಳು ಅದರಡಿಯಲ್ಲಿ ಉಳಿಯುವುದು ಕಷ್ಟ. ಗಾಳಿ ಕುಡಿಯುವ ಕೊರವ ಸ್ವಲ್ಪ ಕಾಲ ಗೆಲ್ಲುತ್ತದೆ, ಆದರೆ ಕಣ್ಣುಗಳೆಲ್ಲ ಮುಚ್ಚಿಹೋದರೆ ಅದೂ ಮೇಲೆ ಬರುವುದೆಲ್ಲಿಂದ? ಅದನ್ನು ತೆಗೆಯಲೇಬೇಕು. ಅಂಗಳದ ತೆಳುನೀರಿನಲ್ಲಿ ಬೇರುಬಿಟ್ಟ ಜೊಂಡು, ನೈದಿಲೆ, ಹೊನಗೊನ್ನೆಗಳ ಅಂಚು ಹಾಗಲ್ಲ. ಅದು ಕೆರೆಗೆ ಬರುವ ಹೂಳನ್ನು ತಡೆಯುತ್ತದೆ, ನೀರಿನ ಗೊಬ್ಬರವನ್ನು ಒಂದಷ್ಟು ಹೀರುತ್ತದೆ, ಮೀನಿಗೆ ತೊಟ್ಟಿಲಾಗುತ್ತದೆ. ಕೆರೆ 'ಸ್ವಚ್ಛ' ಮಾಡುತ್ತೇವೆಂದು ಯಂತ್ರ ಇಳಿಸಿ ಅಂಚಿನಿಂದ ಅಂಚಿಗೆ ಬಟ್ಟಲಿನಂತೆ ಕೆರೆದುಬಿಟ್ಟರೆ, ನೀರು ಫೋಟೋದಲ್ಲಿ ಚೆಂದ ಕಾಣುತ್ತದೆ. ಕೊರವ ಮೊಟ್ಟೆಯಿಡುವುದು ಎಲ್ಲಿ? ಕೆರೆಗೂ ಈಜುಕೊಳಕ್ಕೂ ವ್ಯತ್ಯಾಸ ಇರುವುದು ಆ ಅಂಚಿನಲ್ಲಿಯೇ.

ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪಿಸಿಕೊಂಡು ಹೋಗಲಾರೆ. ಈ ನೀರಿನ ಮೀನನ್ನು ತಿನ್ನಬಹುದೇ? ಹಿರಿಯರೊಬ್ಬರು ಇಲ್ಲಿಗೆ ಬರುವ ದಾರಿಯಲ್ಲೇ ಕೇಳಿದರು. ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ತಿನ್ನಬೇಡಿ, ಬಿಡಲೂ ಬೇಡಿ. ಕೊರವ ಬೇರೆ ಮೀನು, ಕಪ್ಪೆಗಳನ್ನು ತಿಂದು ಬದುಕುವ ಜೀವ. ನೀರಿನಲ್ಲಿ ಪಾದರಸವಿದ್ದರೆ ಸಣ್ಣದರ ಮೈಯಿಂದ ದೊಡ್ಡದರ ಮೈಗೆ ಬಂದು ಕೂಡಿಕೊಳ್ಳುವ ಅಪಾಯ ಇಂಥ ಬೇಟೆಯ ಮೀನುಗಳಲ್ಲೇ ಹೆಚ್ಚು. ಆದ್ದರಿಂದ ನಮ್ಮ ಕೆರೆಯ ಮೀನನ್ನು, ನೀರನ್ನು, ಹೂಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕೆರೆಯ ನೀರು ಬದುಕಿಗೆ ಯೋಗ್ಯವೋ ಎಂದು ಮೊದಲು ಹೇಳುವ ಸಾಕ್ಷಿ ಅದರ ಮೀನು. ಆ ಸಾಕ್ಷಿಯನ್ನು ವಿಚಾರಿಸಿ.

ಇನ್ನು ನಿನ್ನೆಯ ಹುಡುಗರಿಗೆ ನಾನು ಹೇಳಬೇಕಾದದ್ದು. ಗಟ್ಟಿ ದಾರ ಕಟ್ಟಿ. ಮುಂಜಾನೆ, ಸಂಜೆ ತಂಪು ಹೊತ್ತಿನಲ್ಲಿ ಹೋಗಿ. ಏರಿಯ ಮೇಲೆ ದಡಬಡ ಓಡಾಡಬೇಡಿ, ನೆಲದ ಅದುರು ನೀರಿಗೆ ಮುಟ್ಟುತ್ತದೆ. ಮೊದಲು ಕಾಲು ಗಂಟೆ ಸುಮ್ಮನೆ ಕೂತು ನೋಡಿ, ಮೀನು ಯಾವ ಕಣ್ಣಿನಲ್ಲಿ ಗಾಳಿ ಕುಡಿಯುತ್ತಿದೆ ಎಂದು. ಗಾಳವನ್ನು ಕಣ್ಣಿನ ಆಚೆಗೆ ಎಸೆದು, ಎಲೆಗಳ ಮೇಲೆ ಜಾರಿಸಿ ತಂದು, ಕಣ್ಣಿನಲ್ಲಿ ಒಂದು ಕ್ಷಣ ನಿಲ್ಲಿಸಿ. ಹೊಡೆದಾಗ ಮಾವನ ಹಾಗೆ ಮೂರು ಸಲ ಗಂಗಮ್ಮನನ್ನು ನೆನೆಯಿರಿ, ಆಮೇಲೆ ಮೇಲಕ್ಕೆ ಎತ್ತಿ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಕೇಳಿ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಹಾಕುವವರನ್ನು ಕಂಡರೆ ಸುಮ್ಮನಿರಬೇಡಿ. ಕೆಂಪು ಮರಿ ಕಂಡ ಕಣ್ಣಿನಿಂದ ಗಾಳ ಎತ್ತಿಕೊಂಡು ಹಿಂದಕ್ಕೆ ಬನ್ನಿ. ಹಿಂದಕ್ಕೆ ಬರುವುದೂ ಗಾಳದ ವಿದ್ಯೆಯ ಒಂದು ಪಾಠ.

ನನ್ನ ಮಾವ ಈಗಿಲ್ಲ. ಅವರ ಕಡೆಯ ವರ್ಷಗಳಲ್ಲಿ ಕೆರೆಯೂ ಇರಲಿಲ್ಲ. ಬತ್ತಿದ ಅಂಗಳದ ಕಡೆ ನೋಡುತ್ತ ಒಮ್ಮೆ, 'ನೀರು ಬರ್ತದೆ ಬಿಡೋ. ಬಂದಾಗ ನೋಡೋಕೆ ಗೊತ್ತಿರೋರು ಇರ್ತಾರೋ ಇಲ್ಲೋ' ಎಂದಿದ್ದರು. ನೀರು ಬಂದಿದೆ. ನೋಡಲು ಗೊತ್ತಿರುವವರು ನೀವಾಗಬೇಕು.

ಹುಡುಗ ಹೇಳಿದ ಮಾತಿಗೆ ನನ್ನ ಉತ್ತರ ಇಷ್ಟೇ. ಈ ಕಳೆ ಒಂದು ಇಲ್ಲದಿದ್ದರೆ ನಿನ್ನ ಗಾಳ ಎಲ್ಲಿಯೂ ಸಿಕ್ಕಿಕೊಳ್ಳುತ್ತಿರಲಿಲ್ಲ, ಮಗೂ. ಆದರೆ ಆ ಸದ್ದೂ ನಿನಗೆ ಕೇಳಿಸುತ್ತಿರಲಿಲ್ಲ.